ಜಪಾನಿನಲ್ಲಿ ಸ್ಕೀಯಿಂಗ್ ಮುಗಿಸಿ ಆರಾಮಾಗಿ ಬಿಸಿನೀರಲ್ಲಿ ಕೂರಲು ಯಾವ ಸ್ಪಾ ಹೋಟೆಲ್ ಒಳ್ಳೆಯದು?

"ಹೆಂಡತಿ ಜೊತೆ ಮೂರು ದಿನ, ಬೆಳಗಿಂದ ಸಂಜೆ ತನಕ ಸ್ಕೀ, ಇಳಿದ ಕೂಡಲೇ ಬಿಸಿನೀರಿನ ಬುಗ್ಗೆ" ಅಂತ ಬರೆದಿದ್ದೀರಿ. ಆ "ಇಳಿದ ಕೂಡಲೇ" ಓದುತ್ತಿದ್ದ ಹಾಗೆ ನನ್ನ ಕೈ ತಾನಾಗಿ ಗದ್ದಕ್ಕೆ ಹೋಯಿತು. ಅಲ್ಲಿ ನಾಲ್ಕು ಹೊಲಿಗೆಯ ಗುರುತಿದೆ.

2019ರ ಫೆಬ್ರವರಿ. ಆಗ ನಾನು ಟೋಕಿಯೊದ ನಿಶಿ-ಕಸಾಯ್‌ನಲ್ಲಿದ್ದೆ. ನಮ್ಮ ದೇಶದವರು ಜಾಸ್ತಿ ಇರುವ ಜಾಗ, ಬೇಳೆ-ಸಾಂಬಾರ್ ಪುಡಿಗೆ ತೊಂದರೆ ಇಲ್ಲ. ಆಫೀಸಿನ ಜಪಾನಿ ಗೆಳೆಯನೊಬ್ಬ ನೊಝಾವಾ ಓನ್ಸೆನ್‌ಗೆ ಹೋಗೋಣ ಅಂದ. ನಾಗಾನೊ ಕಡೆಯ ಬೆಟ್ಟದ ಹಳ್ಳಿ ಅದು. ಶಿಂಕಾನ್‌ಸೆನ್ ರೈಲಿನಲ್ಲಿ ಈಯಾಮಾ ತನಕ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ, ಅಲ್ಲಿಂದ ಬಸ್ಸಿನಲ್ಲಿ 25 ನಿಮಿಷ. ಓನ್ಸೆನ್ ಅಂದರೇ ಬಿಸಿನೀರಿನ ಬುಗ್ಗೆ. ಊರಿನ ಹೆಸರಲ್ಲೇ ನೀರಿದೆ.

ನನ್ನ ಸ್ಕೀಯಿಂಗ್ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಐದು ವರ್ಷದ ಮಕ್ಕಳು ಪಕ್ಕದಲ್ಲಿ ಸುಯ್ ಅಂತ ಜಾರಿ ಹೋಗುತ್ತಿದ್ದರು. ಲಿಫ್ಟ್ ಟಿಕೆಟ್ಟಿನ ದುಡ್ಡು ವಸೂಲಿ ಆಗಬೇಕಲ್ಲ ಅಂತ ಮಧ್ಯಾಹ್ನದ ಊಟ ಬಿಟ್ಟೆ. ನೀರೂ ಕುಡಿದಿರಲಿಲ್ಲ. ಚಳಿಯಲ್ಲಿ ಬಾಯಾರಿಕೆ ಗೊತ್ತೇ ಆಗಲ್ಲ, ಆದರೆ ಮೂರು ಪದರ ಬಟ್ಟೆಯ ಒಳಗೆ ಬೆವರು ಸುರಿಯುತ್ತಲೇ ಇರುತ್ತದೆ.

ಇನ್ನು ಬಿಸಿನೀರಿನ ವಿಷಯದಲ್ಲಿ ನನ್ನ ಜಂಬ. ನಾನು ಪುತ್ತೂರಿನ ಕಡೆಯವನು. ನೆಲದಿಂದ ಬೆಚ್ಚಗಿನ ನೀರು ಬರುವ ಬೆಂದ್ರುತೀರ್ಥ ನಮ್ಮೂರಿಗೆ ಹತ್ತಿರವೇ. ಮನೆಯ ಬಚ್ಚಲುಕೊಟ್ಟಿಗೆಯಲ್ಲಿ ದೊಡ್ಡ ತಾಮ್ರದ ಹಂಡೆ, ಕೆಳಗೆ ತೆಂಗಿನ ಸೋಗೆ, ಅಡಿಕೆ ಹಾಳೆಯ ಬೆಂಕಿ. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಮೈ ಕೆಂಪಾಗುವ ತನಕ ಹೊಯ್ದುಕೊಂಡವನಿಗೆ ಜಪಾನಿನ ತೊಟ್ಟಿ ಯಾವ ಲೆಕ್ಕ ಅಂದುಕೊಂಡಿದ್ದೆ.

ನೊಝಾವಾದಲ್ಲಿ ಊರವರೇ ನೋಡಿಕೊಳ್ಳುವ 13 ಸ್ನಾನದ ಮನೆಗಳಿವೆ. ಯಾರು ಬೇಕಾದರೂ ಹೋಗಬಹುದು, ಟಿಕೆಟ್ ಇಲ್ಲ. ಬಾಗಿಲ ಹತ್ತಿರ ಕಾಣಿಕೆ ಡಬ್ಬಿ ಇರುತ್ತದೆ, ಒಂದಷ್ಟು ಚಿಲ್ಲರೆ ಹಾಕಿದರೆ ಮರ್ಯಾದೆ. ಆ ಬೀದಿಯವರ ಬಳಗಕ್ಕೆ ಯು-ನಾಕಾಮಾ ಅನ್ನುತ್ತಾರೆ, ತೊಳೆದು ಇಡುವುದೆಲ್ಲ ಅವರೇ. ಸಂಜೆ ಸ್ಕೀ ಬೂಟು ಕಳಚಿ ಸೀದಾ ಅಂಥ ಒಂದಕ್ಕೆ ನುಗ್ಗಿದೆವು. ಹೊರಗೆ ಸೊಂಟದೆತ್ತರ ಹಿಮ. ಒಳಗೆ ಒಂದೇ ಕೋಣೆ. ಬಟ್ಟೆ ಇಡಲು ಮರದ ಗೂಡು, ಅಲ್ಲೇ ಎದುರಿಗೆ ತೊಟ್ಟಿ. ಷವರ್ ಇಲ್ಲ, ಲಾಕರ್ ಇಲ್ಲ, ಬೇಯಿಸಿದ ಮೊಟ್ಟೆಯ ಹಾಗಿರುವ ಗಂಧಕದ ವಾಸನೆ. ಬತ್ತಲಾಗುವ ನಾಚಿಕೆ ಅರ್ಧ ನಿಮಿಷ ಇತ್ತು, ಆಮೇಲೆ ಚಳಿ ಅದನ್ನು ತಿಂದುಹಾಕಿತು.

ತೊಟ್ಟಿಯ ಅಂಚಿನಲ್ಲಿ ಒಬ್ಬ ಅಜ್ಜ ಕೂತಿದ್ದರು. ಕೈಯಲ್ಲಿ ಚಿಕ್ಕ ಬಕೆಟ್. ತೊಟ್ಟಿಯಿಂದ ನೀರು ತೆಗೆದು ಪಾದಕ್ಕೆ ಹೊಯ್ದರು, ಮತ್ತೆ ತೆಗೆದು ಮೊಣಕಾಲಿಗೆ, ಸೊಂಟಕ್ಕೆ, ಕೊನೆಗೆ ಭುಜಕ್ಕೆ. ಒಂದು ಚೂರೂ ಅವಸರ ಇಲ್ಲ. ನನ್ನ ಗೆಳೆಯನೂ ಹಾಗೇ ಮಾಡಲು ಕೂತ. ನಾನು ಮಾತ್ರ ಎರಡು ಬಕೆಟ್ ಸುಮ್ನೆ ಬೆನ್ನಿಗೆ ಎರಚಿಕೊಂಡು ಕುತ್ತಿಗೆ ತನಕ ಇಳಿದುಬಿಟ್ಟೆ.

ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ಕಥೆ ಕೇಳಿದವರೆಲ್ಲ "ನೀನು ಜಾಸ್ತಿ ಹೊತ್ತು ಕೂತುಬಿಟ್ಟಿರ್ಬೇಕು" ಅನ್ನುತ್ತಾರೆ. ನಾನು ಕೂತಿದ್ದು ಐದಾರು ನಿಮಿಷ, ಅಷ್ಟೇ. ಆ ಹೊಯ್ದುಕೊಳ್ಳುವುದಕ್ಕೆ ಕಾಕೆಯು ಅನ್ನುತ್ತಾರೆ. ತೊಟ್ಟಿ ಕೊಳೆಯಾಗದಿರಲಿ ಅಂತ ಮಾಡುವ ಶಿಷ್ಟಾಚಾರ ಅಂತ ನಾನು ತಿಳಿದಿದ್ದೆ. ಅದು ಅರ್ಧ ನಿಜ. ಉಳಿದರ್ಧ, ಮೈಗೆ ಶಾಖದ ಸುದ್ದಿ ಮುಟ್ಟಿಸುವುದು. ಅಲ್ಲಿನ ನೀರು ಹಲವು ಕಡೆ 44 ಡಿಗ್ರಿ ದಾಟುತ್ತದೆ. ಇಡೀ ದಿನ ಹಿಮದಲ್ಲಿದ್ದ ಮೈಯ ರಕ್ತನಾಳ ಎಲ್ಲ ಮುದುಡಿಕೊಂಡಿರುತ್ತವೆ. ಒಮ್ಮೆಲೇ ಮುಳುಗಿದರೆ ಮೊದಲು ಏಟು ತಿಂದ ಹಾಗಾಗುತ್ತದೆ, ರಕ್ತದೊತ್ತಡ ಏರುತ್ತದೆ. ಆಮೇಲೆ ಚರ್ಮದ ನಾಳಗಳೆಲ್ಲ ಬಾಯಿ ಬಿಡುತ್ತವೆ, ಒತ್ತಡ ಇಳಿಯುತ್ತದೆ. ನೀರಲ್ಲಿ ಕೂತಿರುವಷ್ಟು ಹೊತ್ತು ನೀರಿನ ಭಾರವೇ ಕಾಲಿನ ರಕ್ತವನ್ನು ಮೇಲಕ್ಕೆ ಒತ್ತಿ ಹಿಡಿದಿರುತ್ತದೆ, ಹಾಗಾಗಿ ಏನೂ ಗೊತ್ತಾಗಲ್ಲ. ಎದ್ದು ನಿಂತ ಕೂಡಲೇ ಆ ಒತ್ತು ತಪ್ಪಿ ರಕ್ತ ಕಾಲಿಗೆ ಇಳಿಯುತ್ತದೆ. ತಲೆಗೆ ಸಾಲದಾಗುತ್ತದೆ. ಖಾಲಿ ಹೊಟ್ಟೆ, ಒಣಗಿದ ಬಾಯಿ ಜೊತೆಗೆ ಸೇರಿದರೆ ಮುಗಿಯಿತು.

ಹುಟ್ಟಿದಾಗಿನಿಂದ ಚೆಂಬಲ್ಲಿ ಹೊಯ್ದುಕೊಂಡೇ ಬೆಳೆದವನು ನಾನು. "ಮೊದಲು ಕಾಲಿಗೆ ಹೊಯ್ಯೋ, ಆಮೇಲೆ ಮೇಲೆ" ಅಂತ ಅಜ್ಜಿ ಬಚ್ಚಲ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು. ಹೊಯ್ಯುವುದು ಬಿಟ್ಟರೆ ಬೇರೆ ಸ್ನಾನವೇ ಗೊತ್ತಿಲ್ಲದವನು ಹೊಯ್ಯಬೇಕಾದ ಕಡೆ ಹೊಯ್ಯಲಿಲ್ಲ.

ಎದ್ದೆ. ಗೂಡುಗಳು ಬಿಳಿಯಾದವು. ಆಮೇಲೆ ನೆನಪಿರುವುದು ಚಾವಣಿ, ಹಣೆಯ ಮೇಲೆ ತಣ್ಣಗಿನ ಒದ್ದೆ ಟವೆಲ್, ಮತ್ತು "ನೊಬೊಸೆ, ನೊಬೊಸೆ" ಅನ್ನುತ್ತಿದ್ದ ಅಜ್ಜ. ಬಿಸಿನೀರು ತಲೆಗೇರಿ ಸುತ್ತು ಬರುವುದಕ್ಕೆ ಅಲ್ಲಿನವರ ಪದ ಅದು. ಪದವೇ ಇದೆ ಅಂದರೆ ನಾನು ಮೊದಲನೆಯವನಲ್ಲ. ಗದ್ದ ತೊಟ್ಟಿಯ ಅಂಚಿಗೆ ಬಡಿದು ಒಡೆದಿತ್ತು. ಕಾಲನ್ನು ಒಂದು ಬಕೆಟ್ಟಿನ ಮೇಲೆ ಎತ್ತಿಟ್ಟಿದ್ದರು. ಯಾರೋ ಪುಣ್ಯಾತ್ಮರು ಮುಚ್ಚಬೇಕಾದ್ದನ್ನು ಮುಚ್ಚಿದ್ದರು. ಹೊಲಿಗೆ ಆಯಿತು, ಉಳಿದ ಎರಡು ದಿನದ ಟಿಕೆಟ್ಟು, ಬಾಡಿಗೆ ಸ್ಕೀ, ತರಬೇತಿ ಎಲ್ಲ ಹೋಯಿತು.

ಆದರೆ ನಿಜ ಹೇಳಬೇಕಂದರೆ ಆ ಎರಡು ದಿನವೇ ಚೆನ್ನಾಗಿದ್ದವು. ಗದ್ದಕ್ಕೆ ಪಟ್ಟಿ ಕಟ್ಟಿಕೊಂಡು ಹಳ್ಳಿ ಸುತ್ತಿದೆ. ಓಗಾಮಾ ಅಂತ ಒಂದು ಬುಗ್ಗೆ ಇದೆ, ಹತ್ತಿರ ಹತ್ತಿರ 90 ಡಿಗ್ರಿ. ಊರಿನ ಹೆಂಗಸರು ಅದರಲ್ಲಿ ಸೊಪ್ಪು ಬೇಯಿಸುತ್ತಿದ್ದರು. ಹೊರಗಿನವರಿಗೆ ಒಳಗೆ ಬಿಡಲ್ಲ, ಬೇಲಿಯಾಚೆ ನಿಂತು ನೋಡಬೇಕು. ಬೀದಿಯಲ್ಲಿ ಒಯಾಕಿ ಮಾರುತ್ತಾರೆ. ಹೂರಣದ ಕಡುಬಿನ ದೂರದ ನೆಂಟ. ಕೆಂಪು ಅವರೆಯ ಸಿಹಿ ಹೂರಣದ್ದು ತಿನ್ನಿ. ಸೊಪ್ಪಿನದ್ದರಲ್ಲಿ ಮೀನಿನ ಸಾರು ಸೇರಿರಬಹುದು, ನೀವು ಸಸ್ಯಾಹಾರಿಗಳಾದರೆ ಕೇಳಿ ತಗೊಳ್ಳಿ.

ಹಾಗಾಗಿ ನಿಮ್ಮ ಪ್ರಶ್ನೆಗೇ ನನ್ನ ತಕರಾರು. ಸ್ಪಾ ಹೋಟೆಲ್ ಹುಡುಕಬೇಡಿ. ಸ್ಕೀಯಿಂಗ್‌ನ ದಣಿವಿಗೆ ಮುಲಾಮು ಅಂತ ಬಿಸಿನೀರನ್ನು ನೋಡುವುದೇ ತಪ್ಪು. ಅದೇ ಒಂದು ದಿನದ ಕೆಲಸ. ಮೂರು ದಿನ ಸ್ಕೀ ಅಂದಿದ್ದೀರಿ, ಎರಡು ಮಾಡಿ. ಅದೂ ಮೊದಲ ಸಲ ಅಂದರೆ ಎರಡನೇ ದಿನ ಮಧ್ಯಾಹ್ನಕ್ಕೇ ನಿಮ್ಮ ಮಂಡಿ ಸಾಕು ಅನ್ನುತ್ತದೆ.

ನಿಸೆಕೊ, ಹಾಕುಬಾ, ನೊಝಾವಾ ಅಂತ ಮೂರು ಸ್ಕೀ ಊರುಗಳ ಹೆಸರು ಬರೆದಿದ್ದೀರಿ. ಹಿಮ ಮೂರೂ ಕಡೆ ಬೇಕಾದಷ್ಟು. ನನ್ನ ಓಟು ನೊಝಾವಾಕ್ಕೆ, ಗದ್ದ ಒಡೆದುಕೊಂಡ ಮೇಲೂ. ಸ್ಕೀಯಿಂಗ್ ಅಷ್ಟು ಮುಖ್ಯ ಅಲ್ಲ ಅನ್ನಿಸಿದರೆ ಕುಸಾತ್ಸು ಅನ್ನುವ ಇನ್ನೊಂದು ಬಿಸಿನೀರಿನ ಊರಿಗೆ ಹೋಗಿ. ಅಲ್ಲಿ ಕುದಿಯುವ ನೀರಿಗೆ ತಣ್ಣೀರು ಬೆರೆಸಿ ಸತ್ವ ಕೆಡಿಸಬಾರದು ಅಂತ ಉದ್ದ ಹಲಗೆಯಿಂದ ಮಗುಚಿ ಮಗುಚಿ ಆರಿಸುವ ಪದ್ಧತಿ ಇದೆ.

ಸ್ಕೀ ಮುಗಿಸಿ ಬಂದರೆ ಮೊದಲು ರೂಮಿಗೆ ಹೋಗಿ. ನೀರು ಕುಡಿಯಿರಿ, ಏನಾದರೂ ತಿನ್ನಿ, ಅರ್ಧ ಗಂಟೆ ಕೂರಿ. ಬಿಯರ್ ಕುಡಿಯುವುದಿದ್ದರೆ, ಅದು ಸ್ನಾನ ಆದ ಮೇಲೆ. ತೊಟ್ಟಿಯ ಪಕ್ಕ ತಣ್ಣೀರಿನ ನಲ್ಲಿ ಇರುತ್ತದೆ, ಒಳಗಿರುವವರನ್ನು ಕೇಳದೆ ತಿರುಗಿಸಬೇಡಿ. ಏಳುವಾಗ ಮೊದಲು ಅಂಚಿನ ಮೇಲೆ ಕೂತು, ಆಮೇಲೆ ನಿಲ್ಲಿ. ಈಜುಡುಗೆ ನಡೆಯಲ್ಲ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಬಾಗಿಲು, ನೀವು ಜೊತೆಗಿರುವುದಿಲ್ಲ, ಕಾಕೆಯು ವಿಷಯ ಹೆಂಡತಿಗೆ ಮೊದಲೇ ಹೇಳಿಬಿಡಿ. ತೀರಾ ಸಂಕೋಚ ಅಂದರೆ ಕೆಲವು ವಸತಿಗಳಲ್ಲಿ ನಿಮಗೆ ಮಾತ್ರ ಅಂತ ಬಿಟ್ಟುಕೊಡುವ ತೊಟ್ಟಿ ಸಿಗುತ್ತದೆ, ಕಾಶಿಕಿರಿ ಅಂತ ಕೇಳಿ.

ಇನ್ನೊಂದು. ಗಂಧಕದ ನೀರು ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ನನ್ನ ಬೆಳ್ಳಿಯ ಉಡಿದಾರ ಆ ಐದಾರು ನಿಮಿಷದಲ್ಲೇ ಕಬ್ಬಿಣದ ಸರಪಳಿ ಥರ ಆಗಿತ್ತು. ಊರಿಗೆ ಬಂದಾಗ ಅಮ್ಮ ವಿಭೂತಿ ಹಾಕಿ ಉಜ್ಜಿದರು, ಕೊಂಡಿಗಳ ಸಂದಿನಲ್ಲಿ ಇನ್ನೂ ಕಪ್ಪು ಉಳಿದಿದೆ. ನಿಮ್ಮ ಮನೆಯವರು ಕಾಲುಂಗುರ ಹಾಕುವವರಾದರೆ ತೆಗೆದಿಡುವುದೋ ಬಿಡುವುದೋ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಲ್ಲಿ ಗೂಡಿನ ಮುಂದೆ ನಡುಗುತ್ತಾ ನಿಂತು ಅದು ಬಿಚ್ಚುವುದಲ್ಲ, ಚಳಿಗೆ ಬೆರಳು ಮರಗಟ್ಟಿರುತ್ತದೆ.