ಮದುವೆ ಫೋಟೋಗ್ರಾಫರುಗಳು ಸಂಭಾವನೆಯಿಲ್ಲದ ಯಕ್ಷಗಾನ ಚಿತ್ರಗಳಿಗೆ ವರ್ಷಗಟ್ಟಲೆ ಸಮಯ ಕೊಡುವುದೇಕೆ?

ಮದುವೆಯ ಕೆಲಸದಲ್ಲಿ ತಪ್ಪು ಮಾಡಲು ಅವಕಾಶವಿಲ್ಲ, ಸ್ವಂತ ಆಸಕ್ತಿಯ ಕೆಲಸದಲ್ಲಿ ಇದೆ. ಉಡುಪಿ, ಮಂಗಳೂರಿನ ಛಾಯಾಗ್ರಾಹಕರು ಯಕ್ಷಗಾನದ ಚೌಕಿ (ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ), ರಂಗಸ್ಥಳಗಳಲ್ಲಿ ರಾತ್ರಿ ಕಳೆಯುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ. ತಾಳಿ ಕಟ್ಟುವ ಕ್ಷಣ ಒಮ್ಮೆ ಮಾತ್ರ ಬರುವುದರಿಂದ ಅಲ್ಲಿ ಫ್ಲ್ಯಾಶ್ ಹಾಕಿ, ಖಚಿತವಾಗಿ ಮೂಡುವ ಚಿತ್ರವನ್ನೇ ತೆಗೆಯಬೇಕಾಗುತ್ತದೆ. ಆದರೆ ಮೇಳಗಳ (ಯಕ್ಷಗಾನ ತಂಡಗಳ) ತಿರುಗಾಟ ಸಾಮಾನ್ಯವಾಗಿ ನವೆಂಬರ್‌ನಿಂದ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯ ಭಾಗದಲ್ಲಿ ಬರುವ ತುಳು ಬೇಶ ತಿಂಗಳ ಹತ್ತನೆಯ ದಿನದವರೆಗೆ, ನಡೆಯುತ್ತದೆ; ಇಂದು ಕೈತಪ್ಪಿದ ದಿಗಿಣ (ವೇಷಧಾರಿ ಸುತ್ತುತ್ತ ಹಾರುವ ಕುಣಿತ) ನಾಳೆ ಇನ್ನೊಂದು ಬಯಲಿನಲ್ಲಿ ಮತ್ತೆ ಸಿಗುತ್ತದೆ. ಆ ದಿಗಿಣವನ್ನು ಸೆಕೆಂಡಿನ 1/500 ಭಾಗದ ಶಟರ್ ವೇಗದಲ್ಲಿ ತೆಗೆದರೆ ವೇಷ ಗಾಳಿಯಲ್ಲಿ ನಿಂತಂತೆ ಕಾಣುತ್ತದೆ, 1/15ರಲ್ಲಿ ತೆಗೆದರೆ ಬಣ್ಣದ ಸುಳಿಯಾಗುತ್ತದೆ. ಇವೆರಡರ ನಡುವೆ ಎಲ್ಲಿ ಮುಖ ಗುರುತು ಸಿಗುವಂತೆ ಉಳಿದು ಉಡುಗೆ ಮಾತ್ರ ಚಲಿಸಿದಂತೆ ಬರುತ್ತದೆ ಎಂಬುದನ್ನು ಹತ್ತಾರು ರಾತ್ರಿಗಳ ಕೆಟ್ಟ ಚಿತ್ರಗಳೇ ಕಲಿಸುತ್ತವೆ. ಇದರ ಜತೆಗೆ, ಚೌಕಿಯಲ್ಲಿ ತಾವೇ ಬಣ್ಣ ಹಚ್ಚಿಕೊಳ್ಳುವ ಕಲಾವಿದರು ಕ್ಯಾಮೆರಾವನ್ನು ಮರೆಯುವುದು ಪರಿಚಿತರ ಮುಂದೆ ಮಾತ್ರ, ಮತ್ತು ಆ ಪರಿಚಯ ಒಂದೆರಡು ಭೇಟಿಗಳಲ್ಲಿ ಬೆಳೆಯುವಂಥದ್ದಲ್ಲ.