ಬೆಳಗಿನ ಜಾವ ಮೀನು ಸತ್ತರೆ ವಿಷವೇ ಅಂತಲ್ಲ

ಸರ್, ಸೇಡಂ ಕಡೆ ನಿಮ್ಮೂರ ಕೆರೆಯಲ್ಲಿ ಎರಡು ದಿನ ಮೋಡ ಮುಚ್ಚಿದ ಮೇಲೆ ಕಾಟ್ಲಾ, ರೋಹು ಸತ್ತು ತೇಲಿದವು, ಯಾರಾದರೂ ವಿಷ ಹಾಕಿದರಾ ಅಂತ ಕೇಳಿದ್ದೀರಿ. ನೀರು ಹಸಿರಾಗಿತ್ತು ಅಂತಲೂ ಬರೆದಿದ್ದೀರಿ. ನನಗೆ ಅನುಮಾನ ಆ ಹಸಿರಿನ ಮೇಲೆಯೇ.

ಅದು ಪಾಚಿ. ಹಗಲು ಬಿಸಿಲಿಗೆ ನೀರಿಗೆ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಹೊತ್ತು ಹುಟ್ಟುವ ಮುಂಚೆ ಆಮ್ಲಜನಕ ತೀರಾ ಕಡಿಮೆ. ಮೋಡ ಇದ್ದರೆ ಹಗಲಿನ ಗಳಿಕೆಯೂ ಇಲ್ಲ. ಮೇಲಾಗಿ ನಮ್ಮ ಸೆಕೆ ಗೊತ್ತಲ್ವಾ? 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ 7.5 ಅಷ್ಟೇ.

ನಾಳೆ ನಸುಕಿನ 5 ಗಂಟೆಗೆ ಟಾರ್ಚ್ ಹಿಡಿದು ಹೋಗಿ. ಮೀನು ಮೇಲೆ ಬಂದು ಬಾಯಿ ಪಟಪಟ ತೆರೆಯುತ್ತಿದ್ದರೆ ಉಸಿರು ಕಟ್ಟಿದೆ ಅಂತಲೇ. ಇಂಥದ್ದರಲ್ಲಿ ಸಾಮಾನ್ಯವಾಗಿ ದೊಡ್ಡ ಮೀನು ಮೊದಲು ಸಾಯುತ್ತವೆ. ವಿಷವಾದರೆ ಯಾವ ಹೊತ್ತಿನಲ್ಲಾದರೂ ಸಾಯಬಹುದು, ಸಣ್ಣ ಮೀನೂ ಸಾಯುತ್ತವೆ.

ಇನ್ನೊಂದು ಪರೀಕ್ಷೆ. 20 ಸೆಂಟಿಮೀಟರ್ ಅಗಲದ ತಗಡಿನ ಬಿಲ್ಲೆಯನ್ನು ನಾಲ್ಕು ಕಾಲುಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ಕಲ್ಲು ಕಟ್ಟಿ ಹಗ್ಗದಲ್ಲಿ ಇಳಿಸಿ. ಇದಕ್ಕೆ ಸೆಕ್ಕಿ ಬಿಲ್ಲೆ ಅಂತಾರೆ, 1865ರಲ್ಲಿ ಇಟಲಿಯ ವಿಜ್ಞಾನಿ ಆಂಜೆಲೊ ಸೆಕ್ಕಿ ಇಂಥದ್ದೇ ಬಿಳಿ ಬಿಲ್ಲೆ ಬಳಸಿದ್ದರು. ಹಸಿರು ನೀರಲ್ಲಿ ಒಂದಡಿಯೊಳಗೇ ಮರೆಯಾದರೆ ಪಾಚಿ ಜಾಸ್ತಿಯಾಗಿದೆ.

ಸದ್ಯಕ್ಕೆ ಸಗಣಿ, ಮೀನಿನ ಮೇವು ಹಾಕೋದು ನಿಲ್ಲಿಸಿ. ರಾತ್ರಿ ಪಂಪ್ ಹಚ್ಚಿ ಕೆರೆ ನೀರನ್ನೇ ಮೇಲಿಂದ ಚಿಮ್ಮಿಸಿ. ಮೈಲುತುತ್ತ ಸುರಿದು ಪಾಚಿ ಕೊಲ್ಲಲು ಮಾತ್ರ ಹೋಗಬೇಡಿ, ಸತ್ತ ಪಾಚಿ ಕೊಳೆಯುವಾಗ ಉಳಿದ ಆಮ್ಲಜನಕವನ್ನೂ ತಿಂದುಬಿಡುತ್ತದೆ. ಹೊಲದ ಡಿಎಪಿ ಗೊಬ್ಬರ ಮಳೆಗೆ ಕೊಚ್ಚಿ ಕೆರೆಗೇ ಇಳಿದು ಪಾಚಿ ಬೆಳೆಸುತ್ತಿದೆಯಾ, ಅದನ್ನೂ ನೋಡಿ ಬರೆಯಿರಿ.