ಫರ್ಗಸ್ ದ್ರೋಹಿಯೇ? ಓದುಗರಿಗೆ ಸಂಪಾದಕರ ಉತ್ತರ

ಪತ್ರ: ಐರ್ಲೆಂಡಿನ ಹಳೆಯ ಕಥೆಯಲ್ಲಿ, ರಾಜ ತನಗೆಂದು ಬೆಳೆಸಿದ್ದ ಹುಡುಗಿ ಡೀರ್ಡ್ರೆ ಜೊತೆ ಓಡಿಹೋದ ನೀಶಾನಿಗೆ ವೀರ ಫರ್ಗಸ್ ಅಭಯ ಕೊಡುತ್ತಾನೆ. ಆಮೇಲೆ ಔತಣಕ್ಕೆ ಕೂರುತ್ತಾನೆ. ನೀಶಾ ಸತ್ತ ಮೇಲೆ ತನ್ನದೇ ರಾಜಧಾನಿ ಸುಟ್ಟು ಶತ್ರುವಿನ ಕಡೆ ಸೇರುತ್ತಾನೆ. ಇವನು ವೀರನೇ? ಕಾನೂನಿಲ್ಲದ ಕಾಲ, ಅಷ್ಟೇ ತಾನೇ?

ಉತ್ತರ: ಪತ್ರ ಖಾರವಾಗಿದೆ, ಇಷ್ಟವಾಯಿತು. ಆ ಸೇಡಿನಲ್ಲಿ ಏನೂ ಅರಿಯದ ಹೆಣ್ಣುಮಕ್ಕಳೂ ಸತ್ತರು, ಅದು ತಪ್ಪೇ. ಆದರೆ ‘ಕಾನೂನಿಲ್ಲದ ಕಾಲ’ ಎಂದಿರಲ್ಲ, ಅಲ್ಲಿ ನನ್ನ ತಕರಾರು.

ಪೊಲೀಸರಿರಲಿಲ್ಲ, ನಿಜ. ಕಾನೂನು ಮಾತ್ರ ಜಾಸ್ತಿಯೇ ಇತ್ತು! ಸುಮಾರು ಕ್ರಿ.ಶ. 700ರ ಕಾಲದ ಒಂದು ಐರಿಶ್ ಕಾನೂನು ಗ್ರಂಥ ನೋಡಿ. ಸಾಮಾನ್ಯ ರೈತನ ಮನೆ ಸುತ್ತ ಒಂದು ಈಟಿ ಎಸೆತದಷ್ಟು ಜಾಗ ಅವನ ರಕ್ಷಣೆಗೆ ಸೇರಿದ್ದು. ಅಂತಸ್ತು ಏರಿದಂತೆ ಆ ಜಾಗವೂ ಹಿಗ್ಗುತ್ತಿತ್ತು. ಒಬ್ಬನ ಅಭಯದಲ್ಲಿರುವವನನ್ನು ಕೊಂದರೆ, ಅಭಯ ಕೊಟ್ಟವನಿಗೆ ಅವನ ಮರ್ಯಾದೆಯ ಬೆಲೆ, ಅಂದರೆ ಅವನ ಅಂತಸ್ತಿಗೆ ತಕ್ಕ ದಂಡ, ತೆರಬೇಕು. ಸುಮ್ನೆ ಬಾಯಿಮಾತಲ್ಲ.

ಈಗ ಕಥೆಗೆ ಬನ್ನಿ. ಮೋಸ ಮಾಡಿದ್ದು ರಾಜ ಕೊನ್‌ಖೊವರ್. ಫರ್ಗಸ್‌ನನ್ನು ಔತಣಕ್ಕೆ ಕರೆಸಿ ದಾರಿಯಲ್ಲೇ ನಿಲ್ಲಿಸುವ ಉಪಾಯ ಅವನದೇ. ಫರ್ಗಸ್ ತನ್ನ ಮಗ ಫಿಯಖಾನನ್ನು ನೀಶಾನ ಜೊತೆ ಕಳಿಸಿದ. ರಾಜನ ಕಡೆಯವರ ಈಟಿ ನೀಶಾನ ಬೆನ್ನು ಮುರಿದಾಗ ಆ ಹುಡುಗ ಅವನನ್ನು ಎರಡೂ ತೋಳಿನಲ್ಲಿ ತಬ್ಬಿ ಕೆಳಗೆಳೆದು, ಮೇಲೆ ತಾನೇ ಬಿದ್ದ. ಅವನ ಮೈಯನ್ನು ತೂರಿಯೇ ನೀಶಾನನ್ನು ಮುಗಿಸಿದರು. ಅಪ್ಪನ ಮಾತನ್ನು ಮಗ ಮೈಯೊಡ್ಡಿ ಉಳಿಸಿದ. ನೀವು ಈ ಸಾಲು ಓದದೆ ದಾಟಿಬಿಟ್ಟಿರಿ, ಅಲ್ವಾ?

ತಪ್ಪು ನಿಮ್ಮದಷ್ಟೇ ಅಲ್ಲ. ಡೀರ್ಡ್ರೆ ಕಥೆ ಅಂದರೆ ಸಾಕು, ಪ್ರೇಮ, ಕಣ್ಣೀರು ಎಂದು ಬರೆಯುವವರೇ ಎಲ್ಲ. ಜಾಮೀನು ನಿಂತವನ ಗತಿ ಯಾರಿಗೆ ಬೇಕು? ನಮ್ಮ ಪರಿಚಿತರೊಬ್ಬರು ಸ್ನೇಹಿತನ ಸಾಲಕ್ಕೆ ಸಹಿ ಹಾಕಿದರು. ಸ್ನೇಹಿತ ಊರು ಬಿಟ್ಟ, ಇವರು ಕಂತು ಕಟ್ಟಿದರು. ಊರೆಲ್ಲ ‘ದಡ್ಡ’ ಎಂದು ನಕ್ಕಿತು. ಓಡಿಹೋದವನನ್ನು ಯಾರೂ ಏನೂ ಅನ್ನಲಿಲ್ಲ. ಇಂಥ ಊರಿನಲ್ಲಿ ಕೂತು ನಾವು ಆ ಕಾಲಕ್ಕೆ ಕಾನೂನಿಲ್ಲ ಅನ್ನುತ್ತೇವೆ!

ಇನ್ನೊಂದು ವಿಷಯ. ಶತ್ರು ರಾಣಿ ಮೇವ್‌ಳ ದಂಡಿನಲ್ಲಿದ್ದರೂ ಫರ್ಗಸ್ ಎದುರು ಪಕ್ಷದ ವೀರ, ತನ್ನ ಸಾಕುಮಗ ಕುಹುಲಿನ್‌ಗೆ ಒಂದು ಮಾತು ಕೊಟ್ಟಿದ್ದ: ಇಂದು ನೀನು ನನ್ನೆದುರು ಹಿಮ್ಮೆಟ್ಟು, ಮುಂದೆ ನಾನು ನಿನ್ನೆದುರು ಹಿಮ್ಮೆಟ್ಟುತ್ತೇನೆ. ಕೊನೆಯ ಕದನದಲ್ಲಿ ಕುಹುಲಿನ್ ಅದನ್ನು ನೆನಪಿಸಿದ. ಫರ್ಗಸ್ ತನ್ನವರನ್ನು ಕರೆದುಕೊಂಡು ಕಣ ಬಿಟ್ಟ. ಮೇವ್ ಸೋತಳು. ಇದಕ್ಕೂ ದ್ರೋಹ ಅನ್ನುತ್ತೀರಾ? ಇನ್ನೊಂದು ಪತ್ರ ಬರೆಯಿರಿ, ಹಾಕುತ್ತೇನೆ.